ಅವ್ವನ ಎಸರಿನ ಲೆಕ್ಕ

ಪುಣೆಯಲ್ಲಿ ನಮ್ಮ ಜೋಳದ ರೊಟ್ಟಿ ಕೆಲಸಕ್ಕೆ ಈ ಯುಗಾದಿಗೆ ಐದು ವರ್ಷ ತುಂಬಿತು. ಹಿಂಜವಡಿಯಿಂದ ಹಡಪಸರದವರೆಗೆ ರೊಟ್ಟಿ ತರಿಸಿಕೊಂಡವರಿಗೆ, ಹಬ್ಬಕ್ಕೆ ವಾರ ಮೊದಲೇ ಹೇಳಿಟ್ಟವರಿಗೆ, ಡಬ್ಬಿ ತೊಳೆದು ವಾಪಸ್ ಕೊಟ್ಟವರಿಗೆ ಶರಣು. ಆದರೆ ‘ನಿಮ್ಮ ಕೈರುಚಿ’ ಎಂದು ಮೆಸೇಜು ಹಾಕುತ್ತೀರಲ್ಲ, ಅಲ್ಲಿ ಹೆಸರು ತಪ್ಪಿದೆ. ಅದು ಅವ್ವನ ಕೈ. ರೊಟ್ಟಿ ಕೆಟ್ಟಾಗಲೆಲ್ಲ ಯಾಕೆ ಕೆಟ್ಟಿತು ಅಂತ ಹೇಳಿಕೊಟ್ಟವಳು ಅವಳು. ಗ್ರಾಮು, ಮಿಲಿಲೀಟರು ನಾನು ಆಮೇಲೆ ತೂಗಿ ಬರೆದುಕೊಂಡದ್ದು.

ಕಾಳಿನಿಂದಲೇ ಶುರು. ಅವಳಿಗೆ ಹಿಂಗಾರಿ ಜೋಳವೇ ಆಗಬೇಕು, ಅದರಲ್ಲೂ ಸೊಲ್ಲಾಪುರ, ವಿಜಯಪುರ ಕಡೆಯ ಮಾಲದಂಡಿ ತಳಿ. ಮುಂಗಾರಿ ಜೋಳದ ತೆನೆ ಬಲಿಯುವಾಗ ಮಳೆ ಹಿಡಿದರೆ ಕಾಳು ಕಪ್ಪಾಗಿ ಬೂಷ್ಟು ಬರುತ್ತದೆ. ಹಿಂಗಾರಿಯದು ಒಣಹವೆಯಲ್ಲಿ ಬಲಿತು ಫೆಬ್ರುವರಿ, ಮಾರ್ಚಿಗೆ ಬೆಳ್ಳಗೆ ಬರುತ್ತದೆ. ಮಾರ್ಕೆಟ್ ಯಾರ್ಡಿನಲ್ಲಿ ಒಂದು ಕಾಳು ಹಲ್ಲಿಗೆ ಹಾಕಿ ನೋಡಿ: ಕಟ್ ಅಂದರೆ ಒಣಗಿದೆ, ಮೆತ್ತಗೆ ಅಮುಕಿದರೆ ಬಿಡಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ಜೋಳಕ್ಕೂ ಮಾಲ್‌ಗಳಲ್ಲಿ ಚಂದದ ಪ್ಯಾಕೆಟ್ ಬಂತು. ಪ್ಯಾಕೆಟ್ ಹಿಟ್ಟಿನ ತಕರಾರೊಂದೇ, ಬೀಸಿದ ದಿನ ಗೊತ್ತಾಗುವುದಿಲ್ಲ.

ಜೋಳದ ಹಿಟ್ಟಿಗೆ ಆ ದಿನವೇ ಮುಖ್ಯ. ಅದರೊಳಗಿನ ಎಣ್ಣೆಯಂಶ ಹಳತಾದರೆ ಕಹಿ, ಜಿಗುಟೂ ಹೋಗುತ್ತದೆ. ಚಳಿಗಾಲದಲ್ಲಿ ಹದಿನೈದು ದಿನದ ಹಿಟ್ಟು, ಜುಲೈ, ಆಗಸ್ಟಿನಲ್ಲಿ ಎಂಟೇ ದಿನದ್ದು. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ನಮ್ಮ ಕಾಳು ಹಾಕಿಸುವುದಿಲ್ಲ. ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಬೆರೆಯುತ್ತದೆ, ಗೋಧಿ ಒಗ್ಗದೆ ನಮ್ಮಲ್ಲಿ ರೊಟ್ಟಿ ಕೊಳ್ಳುವವರಿಗೆ ಅದು ತೊಂದರೆ. ಬೆಳಗಿನ ಮೊದಲ ಪಾಳಿಯನ್ನು ನಮಗೇ ಬಿಟ್ಟುಕೊಡುವ ಗಿರಣಿಯಣ್ಣನಿಗೂ ಇಲ್ಲೇ ಒಂದು ನಮಸ್ಕಾರ.

ಇನ್ನು ಎಸರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಹಿಟ್ಟು ಹಿಡಿದು ನಿಲ್ಲುವುದು ಬಿಸಿನೀರಿಗೆ ಪಿಷ್ಟ ಬೆಂದು ಗಂಜಿಯಾಗುವುದರಿಂದ. ಬೆಚ್ಚಗಿನ ನೀರು ಸಾಲದು, ಕುದಿಯಬೇಕು. ಅವ್ವನಿಗೆ ಪಿಷ್ಟದ ಮಾತು ಗೊತ್ತಿಲ್ಲ, ‘ಎಸರ ಕುದೀಲಿಲ್ಲಂದ್ರ ಹಿಟ್ಟ ಮಾತ ಕೇಳಂಗಿಲ್ಲ’ ಅನ್ನುತ್ತಾಳೆ. ಲೆಕ್ಕ ಹೀಗೆ: ಕಾಲು ಕಿಲೋ ಹಿಟ್ಟಿಗೆ 200ರಿಂದ 225 ಮಿಲಿಲೀಟರು ನೀರು, ಚಿಟಿಕೆ ಉಪ್ಪು. ಇಷ್ಟಕ್ಕೆ ನಾಲ್ಕು ರೊಟ್ಟಿ. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿದು, ಚಮಚದಿಂದ ಕಲಸಿ ಐದು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿಯಿರುವಾಗಲೇ ಅಂಗೈ ಬುಡದಿಂದ ನಾದಿ. ಒಂದೇ ಸಲ ಕಿಲೋ ಹಿಟ್ಟು ಕಲಸಿಡುವುದು ಎಲ್ಲರೂ ಮಾಡುವ ತಪ್ಪು. ನಾಲ್ಕು ಬಡಿಯುವಷ್ಟರಲ್ಲಿ ಉಳಿದದ್ದು ಆರಿ, ಅಂಚು ಸೀಳತೊಡಗುತ್ತದೆ. ಸೀಳಿದರೆ ಒಣಹಿಟ್ಟು ಹಚ್ಚಿ ಮುಚ್ಚಬೇಡಿ, ಕೈಗೆ ನೀರು ಮುಟ್ಟಿಸಿಕೊಂಡು ಮತ್ತೆ ನಾದಿ.

ಒಣಹಿಟ್ಟಿನ ಮೇಲಿಟ್ಟು ಬಡಿದ ರೊಟ್ಟಿಯನ್ನು, ಆ ಹಿಟ್ಟು ಹತ್ತಿದ ಮೈ ಮೇಲಾಗುವಂತೆ ಕಾದ ಕಬ್ಬಿಣದ ಹಂಚಿಗೆ ಹಾಕಿ, ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆ ಸವರಬೇಕು. ತಡವಾದರೆ ಹಿಟ್ಟು ಬಿಳಿ ಬಿಳಿಯಾಗಿ ಉಳಿದು ಮೈ ಬಿರಿಯುತ್ತದೆ. ಬಿರಿದಲ್ಲಿಂದ ಹಬೆ ಸೋರಿ ರೊಟ್ಟಿ ಉಬ್ಬುವುದಿಲ್ಲ. ನೀರು ಹೆಚ್ಚಾದರೋ, ತಿರುವಿದಾಗ ಹಂಚಿಗೇ ಅಂಟುತ್ತದೆ. ಮೇಲಿನ ಪಸೆ ಆರುತ್ತಿದ್ದಂತೆ ತಿರುವಿ, ಕೆಳಮೈ ಬೆಂದ ಮೇಲೆ ಉರಿಗೆ ಹಿಡಿಯಿರಿ. ಮರಾಠಿ ನೆರೆಯವರ ಭಾಕರಿಯೂ ಇದೇ ದಾರಿಯದು, ಸ್ವಲ್ಪ ದಪ್ಪ. ಯಾವುದು ಮೇಲು ಎಂಬ ಜಗಳ ನಮ್ಮ ಮೆಟ್ಟಿಲ ಮೇಲೆ ಇನ್ನೂ ಮುಗಿದಿಲ್ಲ, ಅವ್ವನ ತೀರ್ಪಂತೂ ನಿಮಗೆ ಗೊತ್ತೇ ಇದೆ.

ಕಟಕ ರೊಟ್ಟಿಯ ಬಗ್ಗೆ ತುಂಬ ಜನ ಕೇಳಿದ್ದೀರಿ. ಅದನ್ನು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಪಕ್ಕ ನಿಲ್ಲಿಸಿ ಒಣಗಿಸಬೇಕು. ಪೂರ್ತಿ ಆರುವ ಮೊದಲೇ ಒಂದರ ಮೇಲೊಂದು ಪೇರಿಸಿದರೆ ನಡುವಿನ ಪಸೆ ಹೊರಬೀಳದೆ ಮೂರನೆಯ ದಿನಕ್ಕೆ ಬೂಷ್ಟು. ಪುಣೆಯ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯೇ ಗತಿ. ನಾವು ಪ್ರತಿ ಡಬ್ಬಿಗೂ ಒಂದು ರೊಟ್ಟಿ ಹೆಚ್ಚಿಗೆ ಮಾಡುವುದು ಅವ್ವನಿಗಾಗಿ. ಮುಚ್ಚುವ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ಸಪ್ಪಳ ಬರಲಿಲ್ಲ ಅಂದರೆ ಆ ಡಬ್ಬಿ ಅವತ್ತು ಮನೆ ದಾಟುವ ಹಾಗಿಲ್ಲ.