ಒಂದೇ ದಿನದ ಶಿಬಿರಕ್ಕೆ ಒಪ್ಪಬೇಡ ಮಾರಾಯ್ತಿ

ಉಡುಪಿ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಮಲ್ಪೆ ಕಡೆಯ ಶಾಲೆಯೊಂದರಲ್ಲಿ ಏಳನೇ ತರಗತಿಯ ಮಕ್ಕಳಿಗೆ ಬರವಣಿಗೆ ಕಮ್ಮಟ ಮಾಡಿ ಅಂತ ಕರೆದಿದ್ದಾರೆ, ಏನು ಹೇಳಿಕೊಡಲಿ ಅಕ್ಕಾ ಎಂದು ಕೇಳಿದ್ದೀಯ. ಅದಕ್ಕೂ ಮೊದಲು ಎಷ್ಟು ಸಲ ಹೋಗುತ್ತೀಯ ಅನ್ನುವುದನ್ನು ಗಟ್ಟಿ ಮಾಡಿಕೋ. ಬೆಳಿಗ್ಗೆ ದೀಪ ಬೆಳಗಿ ಸಂಜೆ ಪ್ರಮಾಣಪತ್ರ ಹಂಚುವ ಒಂದು ದಿನದ ಶಿಬಿರಕ್ಕೆ ಒಪ್ಪಬೇಡ. ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ, ಅಷ್ಟೇ. ಬರೆದದ್ದನ್ನು ಮಕ್ಕಳು ಇನ್ನೊಮ್ಮೆ ಬರೆಯುವ ಹಾಗೆ ಮಾಡುವುದೇ ಕಮ್ಮಟದ ಕೆಲಸ. ಅದಕ್ಕೆ ನಡುವೆ ದಿನಗಳು ಬೇಕು. ವಾರಕ್ಕೆ ಎರಡು ಪೀರಿಯಡ್ ಕೊಡಿ, ಐದಾರು ವಾರ ಬರುತ್ತೇನೆ ಎಂದು ಕೇಳಿ ನೋಡು. ಆಗುವುದಿಲ್ಲ ಎಂದರೆ ಬೇರೆ ಶಾಲೆ ನೋಡು. ನಮ್ಮ ಕಡೆ ಶಾಲೆಗಳಿಗೇನು ಬರವಾ?

ಮೊದಲ ದಿನ ಬೋರ್ಡಿನ ಮೇಲೆ ವಿಷಯ ಬರೆಯಬೇಡ. 'ನನ್ನ ಮೆಚ್ಚಿನ ಹಬ್ಬ' ಅಂತ ಬರೆದರೆ ಸಾಕು, ಇಡೀ ತರಗತಿ 'ಭಾರತ ಹಬ್ಬಗಳ ನಾಡು' ಎಂದು ಶುರು ಮಾಡುತ್ತದೆ. ಅದು ಮಕ್ಕಳ ತಪ್ಪಲ್ಲ. ಪ್ರಬಂಧ ಅಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ನಾವೇ ಬಾಯಿಪಾಠ ಮಾಡಿಸಿದ್ದೇವಲ್ಲ. ವಿಷಯದ ಬದಲು ಪ್ರಶ್ನೆ ಕೇಳು. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು? ಎದ್ದ ಕೂಡಲೇ ಏನು ಮಾಡುತ್ತಾರೆ? ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಆಗ ಮನೆಯಲ್ಲೇ ಇರುವ ಅಪ್ಪ ಹೇಗಿರುತ್ತಾರೆ? ಮಲ್ಪೆ ಎಂದ ಕೂಡಲೇ ಎಲ್ಲ ಮಕ್ಕಳೂ ಮೀನುಗಾರರ ಮನೆಯವರು ಅಂದುಕೊಂಡು ಹೋಗಬೇಡ ಮತ್ತೆ. ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಅದೇ ಬೆಂಚಿನಲ್ಲಿ ಇರಬಹುದು. ಅವರು ಬಿಟ್ಟು ಬಂದ ಊರಿನ ಬಗ್ಗೆ ಕೇಳು.

ಇನ್ನು ನನಗೆ ತುಂಬ ಇಷ್ಟದ ಉಪಾಯ. ಇದು ಮುದ್ದಣನಿಂದ ಕದ್ದದ್ದು. ಮುದ್ದಣ ಅನ್ನುವ ಹೆಸರಿನಲ್ಲಿ ಬರೆದ ಕವಿ ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ನಮ್ಮ ಉಡುಪಿಯಲ್ಲೇ ಡ್ರಿಲ್ ಮಾಸ್ತರರಾಗಿದ್ದವರು. ಇದನ್ನು ಮಕ್ಕಳಿಗೆ ಮೊದಲು ಹೇಳು. ಕವಿ ಅಂದರೆ ಡ್ರಿಲ್ ಮಾಸ್ತರೂ ಆಗಿರಬಹುದು ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಅವರ 'ರಾಮಾಶ್ವಮೇಧ'ದಲ್ಲಿ ಮಳೆಗಾಲದ ಒಂದು ದಿನ ಮನೋರಮೆ ಕಥೆ ಹೇಳು ಎಂದು ಗಂಡ ಮುದ್ದಣನನ್ನು ಹಿಡಿದು ಕೂರಿಸುತ್ತಾಳೆ. ಸುಮ್ಮನೆ ಕೇಳುವವಳಲ್ಲ ಅವಳು. ಪದ್ಯ ಬೇಡ, ಗದ್ಯದಲ್ಲಿ ಹೇಳು ಅನ್ನುತ್ತಾಳೆ. ಸಂಸ್ಕೃತ ಜಾಸ್ತಿಯಾದರೆ ರೇಗುತ್ತಾಳೆ. ನಡುವೆ ಬಾಯಿ ಹಾಕುತ್ತಾಳೆ, ಕೆಣಕುತ್ತಾಳೆ.

ನಿನ್ನ ತರಗತಿಯಲ್ಲಿ ಪ್ರತಿ ಮಗುವಿಗೂ ಒಬ್ಬ ಮನೋರಮೆ ಬೇಕು. ಇಬ್ಬಿಬ್ಬರನ್ನು ಕೂರಿಸು. ಒಬ್ಬಳು ತಾನು ಬರೆದದ್ದನ್ನು ಓದಬೇಕು. ಇನ್ನೊಬ್ಬಳು 'ಚೆನ್ನಾಗಿದೆ' ಅನ್ನುವ ಹಾಗಿಲ್ಲ, 'ತಪ್ಪಿದೆ' ಅನ್ನುವ ಹಾಗೂ ಇಲ್ಲ. ಪ್ರಶ್ನೆ ಮಾತ್ರ ಕೇಳಬೇಕು. 'ನಾವು ಅಜ್ಜಿ ಮನೆಗೆ ಹೋದೆವು, ತುಂಬಾ ಮಜಾ ಬಂತು' ಎಂದು ಹುಡುಗ ಓದಿದ ಅಂತಿಟ್ಟುಕೋ. ಏನು ಮಜಾ? ಬಸ್ಸಿನಲ್ಲಿ ಹೋದದ್ದಾ, ಸ್ಕೂಟರಿನಲ್ಲಾ? ಅಜ್ಜಿ ಬಾಗಿಲು ತೆಗೆದಾಗ ಮೊದಲು ಏನು ಹೇಳಿದರು? ಪ್ರಶ್ನೆಗಳು ಬೀಳುವಾಗ ಆ ಹುಡುಗನ ಬಾಯಿಂದ ಬರುವ ಉತ್ತರ ಇದೆಯಲ್ಲ, ಅದು ಅವನ ಪುಸ್ತಕದಲ್ಲಿ ಇರುವುದೇ ಇಲ್ಲ. ಈಗ ಹೇಳಿದ್ದನ್ನು ಬರೆ ಅನ್ನು. ಮುಂದಿನ ವಾರ ಅದೇ ಜೋಡಿ ಮತ್ತೆ ಕೂರಲಿ. ಎರಡನೇ ಸಲ ಬರೆಯುವುದೆಂದರೆ ಚಂದದ ಅಕ್ಷರದಲ್ಲಿ ನಕಲು ಮಾಡುವುದು ಅಂತ ಮಕ್ಕಳು ತಿಳಿದಿರುತ್ತಾರೆ. ಅದಲ್ಲ ಎಂದು ನೀನು ವಿವರಿಸಿ ಪ್ರಯೋಜನವಿಲ್ಲ, ಕೇಳುವ ಗೆಳೆಯ ಪಕ್ಕದಲ್ಲಿದ್ದರೆ ಅವರಿಗೇ ಗೊತ್ತಾಗುತ್ತದೆ.

ಆ ಜೋಡಿಗಳು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಮಾತಾಡಿದರೆ ತಡೆಯಬೇಡ. ಕನ್ನಡದ ಪೀರಿಯಡಿನಲ್ಲಿ ಕನ್ನಡವನ್ನೇ ಮಾತಾಡಿ ಅಂತ ಮೇಜು ಕುಟ್ಟಿದರೆ ಮಕ್ಕಳು ಬಾಯಿ ಮುಚ್ಚಿ ಮತ್ತೆ ಪುಸ್ತಕದ ವಾಕ್ಯಕ್ಕೇ ಹೋಗುತ್ತಾರೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡ ಶಾಲೆಯ ಭಾಷೆ. ಸಿಟ್ಟು ಬರುವುದು, ನಗು ಬರುವುದು ಮನೆಯ ಭಾಷೆಯಲ್ಲಿ. ಮೊದಲು ಅದರಲ್ಲಿ ಹೇಳಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ. ಅಮ್ಮ ಬೈದದ್ದು ತುಳುವಿನಲ್ಲಾದರೆ ಆ ಬೈಗುಳ ಕಥೆಯಲ್ಲೂ ತುಳುವಿನಲ್ಲೇ ಇರಲಿ. ಕುಂದಾಪ್ರ ಕನ್ನಡದ ಹುಡುಗಿಯ ಅಜ್ಜ ಕುಂದಾಪ್ರ ಕನ್ನಡವನ್ನೇ ಆಡಲಿ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಹೋಗುತ್ತದೆ ಎಂದು ಕನ್ನಡ ಟೀಚರ್ ಗಾಬರಿಯಾಗಬಹುದು. ಅವರ ಗಾಬರಿ ಸುಳ್ಳಲ್ಲ, ಫಲಿತಾಂಶಕ್ಕೆ ಉತ್ತರ ಹೇಳಬೇಕಾದವರು ಅವರು. ಮೊದಲೇ ಕೂತು ಮಾತಾಡು. ಸಾಧ್ಯವಾದರೆ ಅವರೂ ಮಕ್ಕಳ ಜೊತೆ ಬರೆಯಲಿ. ನೀನೂ ಬರೆಯಬೇಕು, ಸುಮ್ನೆ ಕೈಕಟ್ಟಿ ಓಡಾಡಬೇಡ. ನಿನ್ನ ಹೊಡೆದುಹಾಕಿದ ಸಾಲುಗಳನ್ನು ಮಕ್ಕಳು ನೋಡಲಿ.

ಕೆಂಪು ಪೆನ್ನು ಮನೆಯಲ್ಲೇ ಇರಲಿ. ಒತ್ತಕ್ಷರ, ಮಹಾಪ್ರಾಣ ಎಲ್ಲ ಕೊನೆಯ ವಾರ ನೋಡಿಕೊಳ್ಳಬಹುದು.

ಪ್ರತಿ ಸಲ ಶುರುವಿಗೆ ಹತ್ತು ನಿಮಿಷ ಗಟ್ಟಿಯಾಗಿ ಏನಾದರೂ ಓದು. ನಿನ್ನ ಕಥೆ ಅಲ್ಲ ಮಾರಾಯ್ತಿ! ಬಂಟ್ವಾಳದ ಪಂಜೆ ಮಂಗೇಶರಾಯರು (1874–1937) ಮಾಸ್ತರಿಕೆ ಮಾಡಿದವರು, ಶಾಲೆಗಳ ತನಿಖೆಗೆ ತಿರುಗಿದವರು. ಮಕ್ಕಳ ಕಿವಿಗೆ ಯಾವುದು ಹತ್ತುತ್ತದೆ ಅಂತ ಅವರಿಗೆ ಗೊತ್ತಿತ್ತು. ಅವರ ಮಕ್ಕಳ ಕಥೆ 'ಇಲಿಗಳ ಥಕಥೈ' ಅಂತ ಹೆಸರು ಹೇಳಿದರೇ ನಗು ಶುರು. ಆ ನಗು ಆರುವ ಮೊದಲೇ ಪೆನ್ಸಿಲ್ ಕೈಗೆ ಕೊಡು.

ಒಂದು ವಿಷಯ ಮಾತ್ರ ಗಂಭೀರವಾಗಿ ತಗೋ. ಮಕ್ಕಳಿಗೆ ನಂಬಿಕೆ ಬಂದರೆ ಎಲ್ಲವನ್ನೂ ಬರೆಯುತ್ತಾರೆ. ಅಪ್ಪ ಕುಡಿದು ಬಂದದ್ದು, ಸಾಲದವರು ಬಾಗಿಲಲ್ಲಿ ನಿಂತದ್ದು, ಯಾರೋ ಮೈ ಮುಟ್ಟಿದ್ದು. 'ಎಷ್ಟು ಚೆನ್ನಾಗಿ ಬರೆದಿದ್ದಾಳೆ' ಎಂದು ಎಲ್ಲರೆದುರು ಓದಿಬಿಡಬೇಡ. ಅದು ಅವಳದ್ದು. ಓದಬಹುದಾ ಎಂದು ಅವಳನ್ನು ಬೇರೆಯಾಗಿ ಕೇಳು, ಬೇಡ ಎಂದರೆ ಬೇಡ. ಮಗುವಿಗೆ ಅಪಾಯ ಇದೆ ಅನಿಸಿದರೆ ಮಾತ್ರ ಗುಟ್ಟಾಗಿ ಇಡುವ ಹಾಗಿಲ್ಲ. ನಂಬಿಕೆಯ ಟೀಚರಿಗೆ ಹೇಳು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಅದನ್ನು ನಿನ್ನ ಕಥೆಗೆ ವಸ್ತು ಮಾಡಿಕೊಳ್ಳುವ ಯೋಚನೆ ಬಂದರೆ ಅಲ್ಲೇ ಬಿಡು.

ಕೊನೆಗೆ ಪುಸ್ತಕ ಮಾಡೋಣ, ದಾನಿಗಳಿದ್ದಾರೆ ಎಂದು ಯಾರಾದರೂ ಬಂದೇ ಬರುತ್ತಾರೆ. ನನಗೇನೋ ಗೋಡೆ ಪತ್ರಿಕೆಯೇ ಸಾಕು ಅನಿಸುತ್ತದೆ. ಪುಸ್ತಕ ಅಂದರೆ ಆಯ್ಕೆ, ಆಯ್ಕೆ ಅಂದರೆ ಜಾಣ ಮಕ್ಕಳ ಹತ್ತು ಬರಹ. ಪ್ರತಿಭಾ ಕಾರಂಜಿಯಲ್ಲಿ ಸ್ಪರ್ಧೆ ಹೇಗೂ ಇದೆ, ಇಲ್ಲೂ ಯಾಕೆ? ಗೋಡೆಯ ಮೇಲೆ ಎಲ್ಲರದ್ದಕ್ಕೂ ಜಾಗ ಇದೆ. ಊಟದ ಬಿಡುವಿನಲ್ಲಿ ಐದನೆಯ ಕ್ಲಾಸಿನವರು ನಿಂತು ಓದುತ್ತಾರೆ. ಬರೆದವನು ದೂರ ನಿಂತು ಅದನ್ನು ನೋಡುತ್ತಾನೆ.

ದಿನ ಗೊತ್ತು ಮಾಡುವಾಗ ಜೂನ್, ಜುಲೈ ಬೇಡ. ಮಳೆಗೆ ಡಿಸಿ ರಜೆ ಕೊಟ್ಟರಾ ಅಂತ ಮೊಬೈಲ್ ನೋಡುವುದರಲ್ಲೇ ನಿನ್ನ ವಾರಗಳು ಕಳೆದು ಹೋಗುತ್ತವೆ. ಡಿಸೆಂಬರಿನಲ್ಲಿ ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸ್. ದಸರಾ ರಜೆ ಮುಗಿದ ಮೇಲೆ ಶುರು ಮಾಡು. ಹೆಡ್ ಮಾಸ್ತರರಿಗೆ ಈಗಲೇ ಹೇಳಿಟ್ಟರೆ ಟೈಮ್ ಟೇಬಲ್‌ನಲ್ಲಿ ಎರಡು ಪೀರಿಯಡ್ ಒಟ್ಟಿಗೆ ಸಿಗಬಹುದು. ಮೊದಲ ವಾರ ಆದ ಮೇಲೆ ಏನಾಯಿತು ಅಂತ ಬರೆ.

ಇಂತಿ,
ನಿನ್ನ ಅಕ್ಕ