ಗೆಳೆಯನಿಗೊಂದು ಪತ್ರ: ಬೋರರ್ ಹುಡುಕುವ ಕೈ

ಸೋಮವಾರಪೇಟೆ

ಪ್ರೀತಿಯ ಗೆಳೆಯಾ,

ಮಗನ ಪಿಯುಸಿ ಮುಗಿಯಿತು, ಎಐ ಕಿತ್ತುಕೊಳ್ಳದ ಕೆಲಸ ಯಾವುದು, ಏನು ಓದಿಸಲಿ ಅಂತ ಕೇಳಿದ್ದೀಯ. ಮೂರು ದಿನದಿಂದ ತಲೆಯಲ್ಲಿ ಅದೇ ಇದೆ.

ನಮ್ಮ ಕಾಫಿ ತೋಟದ್ದೇ ಹೇಳುತ್ತೇನೆ. ಮಸ್ಟರ್ ಅಂದರೆ ಆಳುಗಳ ಹಾಜರಿ, ಸಂಬಳದ ಲೆಕ್ಕ, ಬ್ಯಾಂಕಿಗೆ ಪತ್ರ, ಇದಕ್ಕೆಲ್ಲ ಮೊದಲು ತೋಟದ ಗುಮಾಸ್ತ ರೈಟರು ವಾರಕ್ಕೆ ಎರಡು ದಿನ ಕೂರುತ್ತಿದ್ದರು. ಈಗ ಫೋನಿನಲ್ಲೇ ಎಐ ಅರ್ಧ ಗಂಟೆಗೆ ಮುಗಿಸುತ್ತದೆ. ಓದಿದವರ ಕೆಲಸ ಅಂತ ನಾವು ಜಾಸ್ತಿ ಬೆಲೆ ಕೊಟ್ಟಿದ್ದು ಇದಕ್ಕೇ ಅಲ್ವಾ?

ಬೋರರ್ ಹುಳ ಹುಡುಕುವ ಕೆಲಸ ಮಾತ್ರ ಹಾಗೇ ಇದೆ. ಈ ಹುಳ ಅರೇಬಿಕಾ ಕಾಫಿ ಗಿಡದ ಕಾಂಡದೊಳಗೆ ಸೇರಿ ತಿಂಗಳುಗಟ್ಟಲೆ ಕೊರೆಯುತ್ತದೆ. ಅದು ದುಂಬಿಯಾಗಿ ಹೊರಗೆ ಬರುವ ಮೊದಲೇ, ಮಾರ್ಚ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ, ಒಂದೊಂದು ಗಿಡವನ್ನೂ ನೋಡಿ, ಹುಳ ಬಿದ್ದದ್ದನ್ನು ಕಿತ್ತು ಸುಡಬೇಕು. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಎಲೆ ಸ್ವಲ್ಪ ಹಳದಿಯಾಗಿ ಜೋತಿದ್ದರೆ ಸಾಕು, ಬಗ್ಗಿ ರೆಂಬೆ ಸರಿಸಿ ಕಾಂಡದ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಸಿಪ್ಪೆ ಎಲ್ಲೋ ಒಂದು ಕಡೆ ಸಣ್ಣ ಗೆರೆಯಂತೆ ಉಬ್ಬಿರುತ್ತದೆ. ಅದೇ ಗಿಡವನ್ನು ನಾನು ಎರಡು ಸಲ ದಾಟಿ ಹೋಗಿರುತ್ತೇನೆ, ನನಗೆ ಕಂಡಿರುವುದಿಲ್ಲ.

1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿತಲ್ಲ, ಅವತ್ತೂ ಅದರ ಪರವಾಗಿ ಕಾಯಿ ಎತ್ತಿಟ್ಟಿದ್ದು ಮನುಷ್ಯರೇ. ಲೆಕ್ಕ ಹಾಕುವುದು ಯಂತ್ರಕ್ಕೆ ಸುಲಭ, ಮಗುವಿನ ಹಾಗೆ ನೋಡಿ, ಮುಟ್ಟಿ, ನಡೆಯುವುದು ಕಷ್ಟ ಅಂತ ರೋಬಾಟ್ ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು. ಬ್ರೆಜಿಲ್‌ನ ಸಮತಟ್ಟು ತೋಟಗಳಲ್ಲಿ ಕಾಫಿ ಕುಯ್ಯುವ ಯಂತ್ರಗಳು ಓಡುತ್ತವೆ, ನಿಜ. ಅಲ್ಲಿ ಗಿಡಗಳು ನೇರ ಸಾಲಿನಲ್ಲಿರುತ್ತವೆ. ನಮ್ಮ ಇಳಿಜಾರಿನಲ್ಲಿ, ನೆರಳಿನ ಮರಗಳ ಮಧ್ಯೆ, ಮೆಣಸಿನ ಬಳ್ಳಿಗೆ ಏಣಿ ಒರಗಿಸಿ ಹತ್ತುವುದನ್ನು ಯಂತ್ರಕ್ಕೆ ಯಾರು ಕಲಿಸುತ್ತಾರೆ? ಮಳೆಗಾಲದಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್, ರಾತ್ರಿ ಪಾಳಿಯ ನರ್ಸ್, ಅವರದ್ದೂ ಇಂಥದ್ದೇ ಕೆಲಸ.

ಆದರೆ ನನಗೆ ನೋವಾಗುವ ವಿಷಯ ಬೇರೆ ಇದೆ. ಆ ಅಕ್ಕನ ಮಗಳು ಮೈಸೂರಿನ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ. ನಾವು ಕೊಡುವ ಕೂಲಿಗೆ ಅವಳು ತೋಟಕ್ಕೆ ಯಾಕೆ ಬರಬೇಕು ಹೇಳು? ಯಂತ್ರಕ್ಕೆ ಬಾರದ ಕೆಲಸಕ್ಕೆ ನಾವು ಕೊಡುವುದೇ ಕಡಿಮೆ. ಆ ಹೆಬ್ಬೆರಳಿಗೆ ಗೊತ್ತಿರುವುದನ್ನು ಕಲಿಯಲು ಈಗ ಒಬ್ಬರೂ ಇಲ್ಲ. ಈ ವರ್ಷ ಅವರ ಕೂಲಿ ಹೆಚ್ಚಿಸಿದ್ದೇನೆ, ಸಾಲದು ಅಂತ ಗೊತ್ತು.

ಮಗ ಇಷ್ಟಪಟ್ಟದ್ದನ್ನೇ ಓದಲಿ. ಸೆಪ್ಟೆಂಬರ್‌ನಲ್ಲಿ ಒಂದು ವಾರ ಮಾತ್ರ ಇಲ್ಲಿಗೆ ಕಳಿಸು, ಆ ಅಕ್ಕನ ಹಿಂದೆ ಓಡಾಡಲಿ. ಜಿಗಣೆ ಇರುತ್ತವೆ, ಬೂಟು ತರಲು ಹೇಳು.

ನಿನ್ನ ಗೆಳೆಯ