ಕಲಾ ವಸತಿ ಶಾಲೆ: ಕಟ್ಟಡಕ್ಕೂ ಮೊದಲು ಹುದ್ದೆ, ನಿಯಮ

ಮಾನ್ಯ ಸಂಪಾದಕರೇ,

ಕ್ರೀಡೆಯಲ್ಲಿ ಮುಂದಿರುವ ಮಕ್ಕಳಿಗೆ ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ. ಸಂಗೀತ, ನೃತ್ಯ, ಯಕ್ಷಗಾನ, ಚಿತ್ರಕಲೆಯ ಮಕ್ಕಳಿಗೆ ಅಂಥದ್ದೊಂದು ಯಾಕಿಲ್ಲ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮ, ಉಡುಪಿಯ ಯಕ್ಷಗಾನ ಕೇಂದ್ರ, ಗುಣವಂತೆಯ ಶ್ರೀಮಯ ಕೇಂದ್ರ ಊಟ-ವಸತಿ ಕೊಟ್ಟು ಕಲೆ ಕಲಿಸುವ ಕೆಲಸವನ್ನು ದಶಕಗಳಿಂದ ಮಾಡಿಕೊಂಡು ಬಂದಿವೆ. ಆದರೆ ಅವು ನಡೆದದ್ದು ಮಠ, ಕುಟುಂಬ, ಖಾಸಗಿ ವಿದ್ಯಾಸಂಸ್ಥೆಗಳ ಆಸರೆಯಲ್ಲಿ. ಸರ್ಕಾರವೇ ಎಂಟರಿಂದ ಹತ್ತನೇ ತರಗತಿವರೆಗೆ ಇಂಥ ಶಾಲೆ ನಡೆಸುವುದಾದರೆ ನಮ್ಮ ಆತಂಕ ಒಂದೇ. ಮೊದಲು ಜಮೀನು, ಶಂಕುಸ್ಥಾಪನೆ, ಕಮಾನು ಎಂದಾಗಿ, ಕಲಿಸುವವರ ಮಾತು ಕೊನೆಗೆ ಬರುತ್ತದೆ. ಆಗ ಅದು ವಾರಕ್ಕೆರಡು ಸಂಗೀತದ ಪಿರಿಯಡ್ ಇರುವ ಇನ್ನೊಂದು ಮೊರಾರ್ಜಿ ದೇಸಾಯಿ ಶಾಲೆಯಾಗುತ್ತದೆ. (ಮೊರಾರ್ಜಿ ಶಾಲೆಗಳನ್ನು ಹೀಗಳೆಯುವ ಮಾತಲ್ಲ ಇದು, ಅವುಗಳ ಉದ್ದೇಶವೇ ಬೇರೆ.)

ಪಕ್ಕದ ಕೇರಳದಲ್ಲಿ ಮಾದರಿಯೂ ಇದೆ, ಎಚ್ಚರಿಕೆಯೂ ಇದೆ. ವಳ್ಳತ್ತೋಳ್ ನಾರಾಯಣ ಮೆನನ್ ಮತ್ತು ಮುಕುಂದ ರಾಜ 1930ರಲ್ಲಿ ಕಟ್ಟಿದ ಕಲಾಮಂಡಲಂ ಇಂದು ಚೆರುತುರುತ್ತಿಯಲ್ಲಿ ಡೀಮ್ಡ್ ವಿಶ್ವವಿದ್ಯಾಲಯ. ಅದರೊಳಗೇ ಒಂದು ಕಲಾ ಪ್ರೌಢಶಾಲೆ ಇದೆ. ಎಂಟನೇ ತರಗತಿಗೆ ಸೇರಿದ ಮಗು ಕಥಕ್ಕಳಿಯನ್ನೋ ಚೆಂಡೆಯನ್ನೋ ಮುಖ್ಯ ವಿಷಯವಾಗಿ ಕಲಿಯುತ್ತದೆ. ಹತ್ತನೆಯ ತರಗತಿಯ ಕೊನೆಗೆ ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೇ ಈ ಮಕ್ಕಳಿಗೆಂದೇ ಕೇರಳ ಪರೀಕ್ಷಾ ಭವನ ಎಎಚ್‌ಎಸ್‌ಎಲ್‌ಸಿ ಎಂಬ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಬರೆಯುವವರು ಹತ್ತಾರು ಮಕ್ಕಳಷ್ಟೇ, ಆದರೂ ಪರೀಕ್ಷೆ ತಪ್ಪಿಲ್ಲ. ಇದು ಮಾದರಿ. ಇನ್ನು ಎಚ್ಚರಿಕೆ: ಅನುದಾನ ಬಂದಿಲ್ಲವೆಂದು 2024ರ ನವೆಂಬರ್ ಕೊನೆಯಲ್ಲಿ ಅದೇ ಸಂಸ್ಥೆ ನೂರಕ್ಕೂ ಹೆಚ್ಚು ತಾತ್ಕಾಲಿಕ ಸಿಬ್ಬಂದಿಯನ್ನು ಒಂದೇ ಆದೇಶದಲ್ಲಿ ಕೈಬಿಟ್ಟಿತು. ಸರ್ಕಾರ ಮಧ್ಯೆ ಬಂದ ಮೇಲೆ ಆದೇಶ ವಾಪಸಾಯಿತು. ಅಷ್ಟು ಹಳೆಯ, ಅಷ್ಟು ಹೆಸರಾದ ಸಂಸ್ಥೆಯೇ ಸಾಕಷ್ಟು ಕಾಯಂ ಹುದ್ದೆಗಳಿಲ್ಲದೆ ತಾತ್ಕಾಲಿಕರ ಮೇಲೆ ನಿಂತಾಗ ಹೀಗಾಯಿತು. ಹೊಸ ಶಾಲೆಯ ಪಾಡೇನು?

ಹುದ್ದೆಗಳ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರ ಲೆಕ್ಕ ಹಾಕುವುದು ಮಕ್ಕಳ ತಲೆ ಎಣಿಸಿ: ಇಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕ. ಗಣಿತಕ್ಕೆ ಇದು ಸರಿ, ಪಿಟೀಲಿಗೆ ಅಲ್ಲ. ಪಿಟೀಲು ಕಲಿಯುವ ಮಗುವಿಗೆ ವಾರಕ್ಕೆ 40 ನಿಮಿಷದ ಎರಡು ಪ್ರತ್ಯೇಕ ಪಾಠ ಬೇಕೇ ಬೇಕು. ಪಿಟೀಲಿನ ಕಮಾನು ಹಿಡಿದ ಕೈಯನ್ನು ಗುಂಪಿನಲ್ಲಿ ತಿದ್ದಲಾಗದು. ಹನ್ನೆರಡು ಮಕ್ಕಳಿದ್ದರೆ ಪ್ರತ್ಯೇಕ ಪಾಠಕ್ಕೆ 16 ಗಂಟೆ, ಸಾಮೂಹಿಕ ಅಭ್ಯಾಸಕ್ಕೆ 6 ಗಂಟೆ, ಒಟ್ಟು 22. ವಾರಕ್ಕೆ 24 ಗಂಟೆ ಪಾಠ ಮಾಡುವ ಒಬ್ಬ ಗುರುವಿಗೆ ಅಲ್ಲಿಗೆ ಕೈತುಂಬ ಕೆಲಸ. ಇಪ್ಪತ್ತು ಮಕ್ಕಳಾದರೆ ಅದೇ ಲೆಕ್ಕ 32 ಗಂಟೆ ದಾಟುತ್ತದೆ. ಕಡತದಲ್ಲಿ ಮಾತ್ರ ‘ಇಪ್ಪತ್ತೇ ಮಕ್ಕಳು, ಒಂದು ಹುದ್ದೆಯೂ ಹೆಚ್ಚು’ ಎಂಬ ಟಿಪ್ಪಣಿ ಬೀಳುತ್ತದೆ. ಆದ್ದರಿಂದ ಕಲಾ ವಿಷಯಗಳ ಹುದ್ದೆಯನ್ನು ತಲೆಯ ಲೆಕ್ಕದಲ್ಲಿ ಅಲ್ಲ, ಪಾಠದ ಗಂಟೆಗಳ ಲೆಕ್ಕದಲ್ಲಿ ಮಂಜೂರು ಮಾಡಬೇಕು. ಈ ಒಂದು ಸಾಲು ಆದೇಶದಲ್ಲಿ ಇಲ್ಲದಿದ್ದರೆ ಆರ್ಥಿಕ ಇಲಾಖೆ ಮುಂದೆಂದೂ ಒಪ್ಪುವುದಿಲ್ಲ.

ಎರಡನೆಯದು ಪಕ್ಕವಾದ್ಯ. ನೃತ್ಯ ಗುರುವಿನ ಹುದ್ದೆ ಮಂಜೂರಾಗುತ್ತದೆ, ಮೃದಂಗದವರದ್ದು ಆಗುವುದಿಲ್ಲ. ಆಮೇಲೆ ತರಗತಿ ಮೊಬೈಲಿನ ಧ್ವನಿಮುದ್ರಿಕೆಯ ಮೇಲೆ ನಡೆಯುತ್ತದೆ. ಮಗು ಜತಿಯ ಮೂರನೇ ಆವರ್ತದಲ್ಲಿ ತಪ್ಪಿದರೆ ಮೃದಂಗದವರು ಅಲ್ಲೇ ನಿಲ್ಲಿಸಿ, ವೇಗ ಇಳಿಸಿ, ಅಷ್ಟನ್ನೇ ಹತ್ತು ಸಲ ನುಡಿಸುತ್ತಾರೆ. ಮುದ್ರಿಕೆ ನಿಲ್ಲುವುದಿಲ್ಲ, ಓಡುತ್ತದೆ. ಮಗು ಅದರ ಹಿಂದೆ ಓಡಿ ಓಡಿ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ಯಕ್ಷಗಾನದಲ್ಲಂತೂ ಹಿಮ್ಮೇಳವಿಲ್ಲದೆ ಹೆಜ್ಜೆ ಕಲಿಸುವುದು ಆಗದ ಮಾತು. ಒಬ್ಬ ಭಾಗವತರು, ಮದ್ದಳೆ-ಚೆಂಡೆಗೆ ಒಬ್ಬರು, ಕುಣಿತಕ್ಕೆ ಒಬ್ಬರು ಇಲ್ಲದಿದ್ದರೆ ಆ ವಿಭಾಗವನ್ನು ತೆರೆಯದಿರುವುದೇ ಲೇಸು. ನಮ್ಮ ಅಂದಾಜಿನಲ್ಲಿ ತರಗತಿಗೆ 40ರಂತೆ 120 ಮಕ್ಕಳ ಶಾಲೆಗೆ ಪಠ್ಯ ವಿಷಯಗಳಿಗೆ ಏಳು ಶಿಕ್ಷಕರು ಸಾಕು. ಕಲೆಯ ಆರು ವಿಭಾಗಗಳಿಗೆ ಹದಿನಾಲ್ಕು ಗುರುಗಳು, ಅವರಲ್ಲದೆ ನಾಲ್ವರು ಪಕ್ಕವಾದ್ಯದವರು ಬೇಕು. ದುಬಾರಿ ಎನಿಸಬಹುದು. ಹಾಗಿದ್ದರೆ ಆರು ವಿಭಾಗದ ಬದಲು ಮೂರೇ ವಿಭಾಗ ತೆರೆಯಲಿ. ಹುದ್ದೆ ಕಡಿತ ಮಾಡಿ ಆರನ್ನೂ ಎಳೆಯುವುದು ಬೇಡ.

ಯಾರನ್ನು ನೇಮಿಸಬೇಕು ಎಂಬಲ್ಲಿ ವೃಂದ ಮತ್ತು ನೇಮಕಾತಿ ನಿಯಮಗಳೇ ಅಡ್ಡ ನಿಲ್ಲುತ್ತವೆ. ಪದವಿ, ಬಿ.ಇಡಿ ಕೇಳಿದರೆ ಮೂವತ್ತು ವರ್ಷ ಮೇಳದಲ್ಲಿ ಹಾಡಿದ ಭಾಗವತರು ಅರ್ಜಿಯನ್ನೇ ಹಾಕಲಾರರು. ಉನ್ನತ ಶಿಕ್ಷಣದಲ್ಲಿ ಇದಕ್ಕೆ ದಾರಿ ಇದೆ: ಯುಜಿಸಿ ನಿಯಮಗಳು ಸಾಂಪ್ರದಾಯಿಕ ಗುರುವಿನಲ್ಲಿ ಕಲಿತು ಆಕಾಶವಾಣಿಯ ಎ ದರ್ಜೆ ಪಡೆದ ಕಲಾವಿದರಿಗೆ ಪರ್ಯಾಯ ಅರ್ಹತೆ ಕೊಡುತ್ತವೆ. 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ (ವೃತ್ತಿಯಲ್ಲಿ ಪಳಗಿದವರನ್ನು ಬೋಧನೆಗೆ ತೆಗೆದುಕೊಳ್ಳುವುದಕ್ಕೆ) ಪದವಿಯನ್ನು ಕಡ್ಡಾಯ ಮಾಡುವುದಿಲ್ಲ. ಪ್ರೌಢಶಾಲೆಗೂ ಇಂಥದೇ ಎರಡನೇ ಬಾಗಿಲು ಬೇಕು. ಆದರೆ ಬಾಗಿಲಿಗೆ ಚಿಲಕವೂ ಇರಲಿ, ಇಲ್ಲದಿದ್ದರೆ ಶಿಫಾರಸು ಪತ್ರ ಹಿಡಿದವರೆಲ್ಲ ಕಲಾವಿದರಾಗುತ್ತಾರೆ. ಅಭ್ಯರ್ಥಿ ಅರ್ಧ ಗಂಟೆ ಪ್ರದರ್ಶನ ಕೊಡಲಿ. ಅದಕ್ಕಿಂತ ಮುಖ್ಯವಾಗಿ, ಮುಂಚೆ ನೋಡಿರದ ಐದು ಮಕ್ಕಳಿಗೆ 40 ನಿಮಿಷ ಪಾಠ ಮಾಡಲಿ. ಅಂಕದಲ್ಲಿ ಹೆಚ್ಚಿನ ಪಾಲು ಈ ಪಾಠಕ್ಕೆ. ಆಯ್ಕೆ ಸಮಿತಿಯಲ್ಲಿ ಆ ಕಲೆಯ ಮೂವರು ತಜ್ಞರಿದ್ದು, ಕನಿಷ್ಠ ಒಬ್ಬರು ಬೇರೆ ರಾಜ್ಯದವರಾಗಿರಲಿ. ತನ್ನ ಶಿಷ್ಯ ಅರ್ಜಿ ಹಾಕಿದ್ದರೆ ತಜ್ಞರು ಬರೆದುಕೊಟ್ಟು ಹೊರಗುಳಿಯಲಿ. ಜೂನ್‌ನಿಂದ ಮಾರ್ಚ್‌ವರೆಗಿನ ಅತಿಥಿ ಶಿಕ್ಷಕರ ಪದ್ಧತಿ ಇಲ್ಲಿ ನಡೆಯದು. ಮೂರು ವರ್ಷ ಒಬ್ಬರ ಕೈಯಲ್ಲೇ ಕಲಿಯಬೇಕಾದ ಬಾನಿ (ಗುರುವಿನ ಶೈಲಿ) ವರ್ಷಕ್ಕೊಬ್ಬರ ಕೈಗೆ ಬಿದ್ದರೆ ಮಗು ಪ್ರತಿ ಜೂನ್‌ನಲ್ಲೂ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಕಲಾವಿದರನ್ನು ನೇಮಿಸಿದ ಮೇಲೆ ಅವರು ಕಲಾವಿದರಾಗಿಯೇ ಉಳಿಯಬೇಕು. ಪ್ರತಿ ಕಛೇರಿಗೂ ಇಲಾಖೆಯ ಅನುಮತಿಗೆ ಕಾಯಿಸಿದರೆ ಒಳ್ಳೆಯವರು ಎರಡೇ ವರ್ಷದಲ್ಲಿ ಬಿಟ್ಟು ಹೋಗುತ್ತಾರೆ. ಪೂರ್ತಿ ಸಡಿಲ ಬಿಟ್ಟರೆ ನವೆಂಬರ್‌ನಿಂದ ಮೇ ತನಕ ಮೇಳದ ತಿರುಗಾಟದಲ್ಲಿ ಕಾಣೆಯಾಗುತ್ತಾರೆ. ವರ್ಷಕ್ಕೆ 20 ದಿನ ಕಾರ್ಯಕ್ರಮ ರಜೆ, ತಿಂಗಳು ಮೊದಲೇ ಪಟ್ಟಿ, ತಪ್ಪಿದ ಪ್ರತ್ಯೇಕ ಪಾಠವನ್ನು ಹದಿನೈದು ದಿನದೊಳಗೆ ತುಂಬಿಕೊಡುವುದು: ಇಷ್ಟು ನೇಮಕಾತಿ ಆದೇಶದಲ್ಲೇ ಇರಲಿ. ಮಕ್ಕಳನ್ನು ಮೇಳಕ್ಕೆ ಕರೆದೊಯ್ಯುವುದಕ್ಕೆ ಮಾತ್ರ ಅವಕಾಶವೇ ಬೇಡ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಾತಿ ಬೇಕು, ನಿದ್ದೆಯೂ ಬೇಕು.

ಆಡಳಿತಕ್ಕೆ ಬಂದರೆ, ಶಾಲಾ ಶಿಕ್ಷಣ ಇಲಾಖೆ ಶಿಕ್ಷಕರನ್ನೂ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾ ಗುರುಗಳನ್ನೂ, ಮೂರನೆಯ ಇಲಾಖೆ ಹಾಸ್ಟೆಲನ್ನೂ ನೋಡಿಕೊಂಡರೆ ಬೆಳಗಿನ ತಾಲೀಮಿನ ಗಂಟೆಯೂ ಇತ್ಯರ್ಥವಾಗದು. ಆರು ಗಂಟೆಗೆ ಕುಣಿತವಿದ್ದರೆ ಐದೂವರೆಗೆ ರಾಗಿ ಗಂಜಿ ಬೇಕು, ಅಡುಗೆಯವರು ನಾಲ್ಕೂವರೆಗೆ ಏಳಬೇಕು. ಆ ಪಾಳಿಯನ್ನು ಹಾಕುವ ಅಧಿಕಾರ ಶಾಲೆಯಲ್ಲೇ ಇರಬೇಕಲ್ಲವೇ? ಒಂದೇ ಸೊಸೈಟಿ, ಬಜೆಟ್ಟಿನಲ್ಲಿ ಒಂದೇ ಲೆಕ್ಕಶೀರ್ಷಿಕೆ, ಒಬ್ಬರೇ ಮುಖ್ಯಸ್ಥರು ಇರಲಿ. ಪಠ್ಯದ ಉಪಪ್ರಾಂಶುಪಾಲರು, ಕಲಾ ನಿರ್ದೇಶಕರು, ನಿಲಯಪಾಲಕರು ಮೂವರೂ ಅವರ ಕೈಕೆಳಗೆ. ಆಡಳಿತ ಮಂಡಳಿಗೆ ಹನ್ನೊಂದು ಜನ ಸಾಕು: ಶಿಕ್ಷಣ, ಸಂಸ್ಕೃತಿ ಮತ್ತು ಆರ್ಥಿಕ ಇಲಾಖೆಗಳಿಂದ ಒಬ್ಬೊಬ್ಬರು, ನಾಲ್ವರು ಕಲಾವಿದರು, ಒಬ್ಬ ಪೋಷಕರು, ಮಕ್ಕಳ ಹಕ್ಕು ಬಲ್ಲವರೊಬ್ಬರು, ಶಿಕ್ಷಕರ ಪ್ರತಿನಿಧಿ, ಸದಸ್ಯ ಕಾರ್ಯದರ್ಶಿಯಾಗಿ ಮುಖ್ಯಸ್ಥರು. ಸರ್ಕಾರ ಬದಲಾದಾಗ ಅಕಾಡೆಮಿಗಳ ಸದಸ್ಯರನ್ನೂ ಬದಲಿಸುವುದು ಓದುಗರಿಗೆ ಗೊತ್ತೇ ಇದೆ. ಹಾಗಾಗದಿರಲು ನಾಮನಿರ್ದೇಶಿತರ ಅವಧಿ ಮೂರು ವರ್ಷ ಎಂದಿಟ್ಟು, ಪ್ರತಿವರ್ಷ ಮೂರನೇ ಒಂದು ಪಾಲು ಜನ ಮಾತ್ರ ನಿವೃತ್ತರಾಗುವಂತೆ ಬೈಲಾದಲ್ಲಿ ಬರೆಯಬೇಕು.

ಖರೀದಿಯ ಮಾತು ಸಣ್ಣದೆನಿಸಿದರೂ ಶಾಲೆ ಸೊರಗುವುದು ಇಲ್ಲೇ. ಅತಿ ಕಡಿಮೆ ದರದ ಟೆಂಡರಿಗೆ ಬಂದ ತಂಬೂರಿ ಶ್ರುತಿ ನಿಲ್ಲದೆ ಗೋಡೆಗೆ ಒರಗಿ ಕೂರುತ್ತದೆ. ಸರ್ಕಾರಿ ಖರೀದಿಯ ಕೆಟಿಪಿಪಿ ನಿಯಮಗಳಲ್ಲೇ ಎರಡು ಲಕೋಟೆಯ ಪದ್ಧತಿ (ಒಂದರಲ್ಲಿ ತಾಂತ್ರಿಕ ವಿವರ, ಇನ್ನೊಂದರಲ್ಲಿ ದರ) ಇದೆ. ತಾಂತ್ರಿಕ ಲಕೋಟೆ ತೆರೆಯುವಾಗ ವಾದ್ಯ ನುಡಿಸಿ ನೋಡುವವರು ಸಮಿತಿಯಲ್ಲಿರಲಿ. ತಬಲಾದ ಪುಡಿ (ಚರ್ಮದ ಹೊದಿಕೆ), ಮೃದಂಗದ ಮುಚ್ಚಿಗೆ, ತಂತಿ, ತಂಬೂರಿಯ ಜವಾರಿ (ಕುದುರೆ ಉಜ್ಜಿ ನಾದ ತಿದ್ದುವುದು), ಕ್ಯಾನ್ವಾಸು, ಬಣ್ಣಕ್ಕೆ ಪ್ರತ್ಯೇಕ ವಾರ್ಷಿಕ ಮೊತ್ತ ಇಡದಿದ್ದರೆ ಗುರುಗಳು ಕೈಯಿಂದ ಹಾಕುತ್ತಾರೆ, ಇಲ್ಲವೇ ವಾದ್ಯ ಮೂಲೆ ಸೇರುತ್ತದೆ.

ಮಕ್ಕಳ ಸುರಕ್ಷತೆಯಲ್ಲಿ ಗುರು-ಶಿಷ್ಯ ಪರಂಪರೆಯ ಹೆಸರಿನ ರಿಯಾಯಿತಿ ಕೂಡದು. ಪ್ರತ್ಯೇಕ ಪಾಠ ಎಂದರೆ ಮುಚ್ಚಿದ ಕೋಣೆಯಲ್ಲಿ ಒಬ್ಬ ಹಿರಿಯ, ಒಂದು ಮಗು. ಪ್ರತಿ ಅಭ್ಯಾಸ ಕೋಣೆಯ ಬಾಗಿಲಿಗೂ ಹೊರಗಿನಿಂದ ಕಾಣುವಂತೆ ಗಾಜು ಇರಬೇಕು. ಗುರುವಿನ ಮನೆಯಲ್ಲಿ ಪಾಠ ಬೇಡ, ಗುರುಸೇವೆಯ ಹೆಸರಿನ ಚಾಕರಿಯೂ ಬೇಡ. ದೂರು ಮುಖ್ಯಸ್ಥರನ್ನು ಹಾದುಹೋಗದೆ ನೇರ ಮಂಡಳಿಯ ಮಕ್ಕಳ ಹಕ್ಕು ಸದಸ್ಯರಿಗೆ ತಲುಪಬೇಕು. ಪೋಕ್ಸೊ ಕಾಯ್ದೆಯ ಕಲಂ 19ರಂತೆ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಕಲಂ 21ರಡಿ ಜೈಲು. ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಒಳಗೊಳಗೇ ಮುಗಿಸಿ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ ಎಂಬುದನ್ನು ಮೊದಲ ದಿನವೇ ಎಲ್ಲ ಸಿಬ್ಬಂದಿಗೂ ತಿಳಿಸಿ ಸಹಿ ಪಡೆಯಬೇಕು.

ಪ್ರವೇಶದಲ್ಲೂ ಒಂದು ಕಾನೂನಿನ ತೊಡಕಿದೆ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 13 ಎಂಟನೇ ತರಗತಿವರೆಗೆ ಮಕ್ಕಳನ್ನು ಜರಡಿ ಹಿಡಿದು ಸೇರಿಸಿಕೊಳ್ಳುವುದನ್ನು ತಡೆಯುತ್ತದೆ. ಅದೇ ಕಾಯ್ದೆಯ ಕಲಂ 2(ಪಿ) ನವೋದಯ, ಸೈನಿಕ ಶಾಲೆಗಳ ಸಾಲಿನಲ್ಲಿ ‘ವಿಶಿಷ್ಟ ಸ್ವರೂಪದ’ ಶಾಲೆಯನ್ನು ಅಧಿಸೂಚಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಆ ಅಧಿಸೂಚನೆಯನ್ನೂ ಕಾನೂನು ಇಲಾಖೆಯ ಅಭಿಪ್ರಾಯವನ್ನೂ ಮೊದಲೇ ಪಡೆಯದಿದ್ದರೆ ಮೊದಲ ಆಯ್ಕೆ ಪಟ್ಟಿಯೇ ಹೈಕೋರ್ಟ್ ಮೆಟ್ಟಿಲೇರಬಹುದು; ಇಲ್ಲವಾದರೆ ಒಂಬತ್ತರಿಂದ ಶುರು ಮಾಡಬೇಕು. ಆಯ್ಕೆಯಲ್ಲಿ ಸಂಗೀತ, ನೃತ್ಯದ ಜೂನಿಯರ್ ಪರೀಕ್ಷೆಯ ಪ್ರಮಾಣಪತ್ರಕ್ಕೆ ಅಂಕ ಬೇಡ. ಊರಲ್ಲಿ ಮೇಷ್ಟ್ರೇ ಇಲ್ಲದ ಮಗು ಅಲ್ಲೇ ಸೋಲುತ್ತದೆ. ಹಾಡಿ ತೋರಿಸಿದ ಸ್ವರವನ್ನು ಹಿಡಿಯುತ್ತದೆಯೇ, ತಟ್ಟಿ ತೋರಿಸಿದ ಲಯವನ್ನು ಮರಳಿ ತಟ್ಟುತ್ತದೆಯೇ ನೋಡಿ, ಅದರಲ್ಲಿ ಗೆದ್ದವರನ್ನು ಮೂರು ದಿನದ ಶಿಬಿರದಲ್ಲಿ ಗಮನಿಸಿದರೆ ಸಾಕು. ಹದಿಮೂರರ ಹುಡುಗರ ಗಂಟಲು ಒಡೆಯುವ ವಯಸ್ಸದು, ಕಂಠ ನೋಡಿ ಕೈಬಿಡಬಾರದು.

ನೇಮಕಾತಿ ನಿಯಮ ಕರಡಾಗಿ, ಆಕ್ಷೇಪಣೆ ಆಲಿಸಿ, ಅಂತಿಮವಾಗಿ, ಗುರುಗಳು ಬಂದು ಕೂರುವ ಹೊತ್ತಿಗೆ ಒಂದೂವರೆ ವರ್ಷವಾದರೂ ಹಿಡಿಯುತ್ತದೆ. ಅಲ್ಲಿಯವರೆಗೆ ಖಾಲಿ ಇರುವ ಯಾವುದಾದರೂ ಸರ್ಕಾರಿ ವಸತಿ ಶಾಲೆಯ ಕಟ್ಟಡ ಸಾಕು. ಮೊದಲ ವರ್ಷ ಒಂದೇ ತರಗತಿ, 40 ಮಕ್ಕಳು ಇರಲಿ.

ಇಂತಿ,
ಕೆಲವು ನಿವೃತ್ತ ಸಂಗೀತ, ನೃತ್ಯ ಮತ್ತು ಚಿತ್ರಕಲಾ ಶಿಕ್ಷಕರು
ಧಾರವಾಡ